ಅಧ್ಯಾಪಕ ಹುದ್ದೆಗೂ ಒಂದು ಪಂಚಾಂಗ ಬೇಡವೆ?

ಗ್ರಹಣವು ಯಾವ ದಿನ, ಯಾವ ಗಳಿಗೆಯಲ್ಲಿ ಹಿಡಿಯುವುದೆಂಬುದನ್ನು ನಮ್ಮ ಗಣಿತಜ್ಞರು ಶತಮಾನಗಳ ಹಿಂದೆಯೇ ಲೆಕ್ಕಹಾಕಿ ಹೇಳಬಲ್ಲವರಾಗಿದ್ದರು. ಸೂರ್ಯಚಂದ್ರರ ಗತಿಯನ್ನು ಬಲ್ಲವನಿಗೆ ಗ್ರಹಣವು ಆಕಸ್ಮಿಕವಲ್ಲ. ಅದು ಪಂಚಾಂಗದಲ್ಲಿ ಮೊದಲೇ ಬರೆದಿಟ್ಟ ಒಂದು ಸಾಲು. ಅದಕ್ಕಿಂತಲೂ ಸುಲಭವಾಗಿ ಮುಂಗಂಡು ಹೇಳಬಹುದಾದ ಸಂಗತಿಯೊಂದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಪ್ರತಿವರ್ಷವೂ ನಡೆಯುತ್ತದೆ. ಅದು ಅಧ್ಯಾಪಕರ ನಿವೃತ್ತಿ. ಕೇಂದ್ರೀಯ ವಿಶ್ವವಿದ್ಯಾನಿಲಯದ ಅಧ್ಯಾಪಕರು ೬೫ನೆಯ ವಯಸ್ಸಿಗೆ, ನಮ್ಮ ರಾಜ್ಯದ ಸರಕಾರಿ ಕಾಲೇಜುಗಳ ಅಧ್ಯಾಪಕರು ೬೦ನೆಯ ವಯಸ್ಸಿಗೆ ಕೆಲಸದಿಂದ ಬಿಡುಗಡೆ ಹೊಂದುವರು. ಅವರು ಸೇವೆಗೆ ಸೇರಿದ ದಿನ ಜನ್ಮದಿನಾಂಕವನ್ನು ಕಡತದಲ್ಲಿ ಬರೆದುಕೊಂಡ ಗುಮಾಸ್ತನಿಗೆ, ಆ ಸ್ಥಾನ ಎಂದು ತೆರವಾಗುವುದೆಂಬುದು ಮೂವತ್ತು ವರ್ಷ ಮೊದಲೇ ಗೊತ್ತು. ಹೀಗಿದ್ದರೂ ಆ ದಿನ ಬಂದಾಗ ನಮ್ಮ ಸಂಸ್ಥೆಗಳು ಮೋಡವಿಲ್ಲದ ಆಕಾಶದಿಂದ ಸಿಡಿಲೆರಗಿದಂತೆ ನಡೆದುಕೊಳ್ಳುತ್ತವೆ. ಹಾರ ಹಾಕಿ ಬೀಳ್ಕೊಡುವ ಸಮಾರಂಭವೇನೋ ಸಕಾಲಕ್ಕೆ ನಡೆಯುತ್ತದೆ. ಆ ಕುರ್ಚಿಗೆ ಇನ್ನೊಬ್ಬರನ್ನು ಕೂರಿಸುವ ಕಾರ್ಯಕ್ಕೆ ಮಾತ್ರ ಕಾಲ ಕೂಡಿಬರುವುದಿಲ್ಲ.

ವಿಶ್ವವಿದ್ಯಾನಿಲಯಗಳಲ್ಲಿ ಹುದ್ದೆಗಳು ಸಾಲವು, ಸಂಶೋಧನ ವಿದ್ಯಾರ್ಥಿವೇತನಗಳು ಸಾಲವು ಎಂಬ ದೂರು ಹಳೆಯದು, ನಿಜವೂ ಹೌದು. ನಮ್ಮ ದೇಶವು ೨೦೨೦-೨೧ರಲ್ಲಿ ಸಂಶೋಧನೆಗಾಗಿ ವೆಚ್ಚ ಮಾಡಿದ ಹಣ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ ೦.೬೪ರಷ್ಟು ಮಾತ್ರ. ಆದರೆ ಈ ಲೇಖನದಲ್ಲಿ ನಾನು ಹೇಳಬಯಸುವುದು ಕೊರತೆಯ ಮಾತನ್ನಲ್ಲ. ಕೊರತೆಗಿಂತಲೂ ಹೆಚ್ಚಿನ ಹಾನಿಯನ್ನು ಮಾಡುತ್ತಿರುವುದು ಅನಿಯಮ. ಹತ್ತು ವರ್ಷಕ್ಕೊಮ್ಮೆ ನೂರಾರು ಹುದ್ದೆಗಳನ್ನು ಅಬ್ಬರದಿಂದ ಪ್ರಕಟಿಸುವುದಕ್ಕಿಂತ, ಕೆಲವೇ ಹುದ್ದೆಗಳನ್ನು ವರ್ಷವರ್ಷವೂ ಗೊತ್ತಾದ ದಿನದಂದು ತಪ್ಪದೆ ತುಂಬುವುದು ವಿಜ್ಞಾನಕ್ಕೂ ಮೇಲು, ಆ ಹುದ್ದೆಯನ್ನು ನಂಬಿ ಯೌವನವನ್ನು ಸವೆಸುವ ತರುಣರಿಗೂ ಮೇಲು. ಈ ಮಾತನ್ನು ಲೆಕ್ಕದಿಂದಲೂ ನಿದರ್ಶನದಿಂದಲೂ ತೋರಿಸಲು ಸಾಧ್ಯವಿದೆ.

ಒಂದು ಸಣ್ಣ ಲೆಕ್ಕ

ಒಂದು ಭೌತಶಾಸ್ತ್ರ ವಿಭಾಗದಲ್ಲಿ ೧೬ ಹುದ್ದೆಗಳಿವೆಯೆಂದೂ, ಒಬ್ಬೊಬ್ಬ ಅಧ್ಯಾಪಕರ ಸೇವಾವಧಿ ೩೨ ವರ್ಷಗಳೆಂದೂ ಊಹಿಸಿಕೊಳ್ಳೋಣ. ಅವರ ವಯಸ್ಸುಗಳು ಸಮನಾಗಿ ಹಂಚಿಕೊಂಡಿದ್ದರೆ ಎರಡು ವರ್ಷಕ್ಕೆ ಒಬ್ಬರು ನಿವೃತ್ತರಾಗುವರು. ಎರಡು ವರ್ಷಕ್ಕೆ ಒಬ್ಬರು ಹೊಸಬರು ಬರುವರು. ಅಂಥ ವಿಭಾಗದಲ್ಲಿ ಅರುವತ್ತರ ಅನುಭವಿಯೂ ನಲವತ್ತೈದರ ನಡುಹರೆಯದವರೂ ಮೂವತ್ತರ ಉತ್ಸಾಹಿಯೂ ಒಂದೇ ಸೂರಿನ ಕೆಳಗೆ ಇರುವರು. ಈಗ ಬೇರೊಂದು ರೀತಿಯನ್ನು ನೋಡೋಣ. ಹದಿನಾರು ಹುದ್ದೆಗಳನ್ನೂ ಒಂದೇ ವರ್ಷ ತುಂಬಿದೆವೆನ್ನಿ. ಮುಂದಿನ ೩೨ ವರ್ಷ ಆ ವಿಭಾಗದ ಬಾಗಿಲು ಮುಚ್ಚಿದಂತೆಯೇ. ಅನಂತರ ಹದಿನಾರು ಮಂದಿಯೂ ಒಟ್ಟಿಗೆ ಎದ್ದುಹೋಗುವರು.

ಎರಡು ಪದ್ಧತಿಗಳಲ್ಲಿಯೂ ಸರಾಸರಿ ಒಂದೇ: ಎರಡು ವರ್ಷಕ್ಕೆ ಒಂದು ಹುದ್ದೆ. ಸರಾಸರಿಯನ್ನು ಮಾತ್ರ ನೋಡುವ ಲೆಕ್ಕಿಗನಿಗೆ ಎರಡರಲ್ಲಿ ವ್ಯತ್ಯಾಸವೇ ಕಾಣದು. ಆದರೆ ಹುದ್ದೆಯನ್ನು ಬಯಸುವ ತರುಣನ ಕಡೆಯಿಂದ ನೋಡಿ. ಇಪ್ಪತ್ತಮೂರಕ್ಕೆ ಎಂ.ಎಸ್‌ಸಿ., ಇಪ್ಪತ್ತೆಂಟು ಇಪ್ಪತ್ತೊಂಬತ್ತಕ್ಕೆ ಪಿಎಚ್.ಡಿ. ಮುಗಿಸಿದವನು ಇನ್ನು ಆರೇಳು ವರ್ಷ ಕಾದಾನು. ಅದಕ್ಕೂ ಮೀರಿ ಕಾಯುವುದು ಸಾಮಾನ್ಯ ಕುಟುಂಬದಲ್ಲಿ ಹುಟ್ಟಿದವನಿಗೆ ಅಸಾಧ್ಯ. ಮೊದಲನೆಯ ಪದ್ಧತಿಯಲ್ಲಿ ಆ ಆರೇಳು ವರ್ಷದೊಳಗೆ ಮೂರು ಸಲ ಅವನಿಗೆ ಬಾಗಿಲು ತೆರೆಯುವುದು. ಎರಡನೆಯ ಪದ್ಧತಿಯಲ್ಲಿ ಒಂದೋ ಹದಿನಾರು ಬಾಗಿಲುಗಳು, ಇಲ್ಲವೆ ಒಂದೂ ಇಲ್ಲ. ಅವನು ಆಯ್ಕೆಯಾಗುವನೋ ಇಲ್ಲವೋ ಎಂಬುದನ್ನು ಆಗ ನಿರ್ಣಯಿಸುವುದು ಅವನ ಯೋಗ್ಯತೆಯಲ್ಲ, ಅವನು ಹುಟ್ಟಿದ ವರ್ಷ. ಯೋಗ್ಯತೆಗೆ ಬೆಲೆಯೆಂದು ಸಾರುವ ವಿದ್ಯಾಸಂಸ್ಥೆಗಳು ಜಾತಕಕ್ಕೆ ಬೆಲೆ ಕೊಟ್ಟಂತಾಯಿತು.

ಇದು ಬರಿಯ ಊಹೆಯ ವಿಭಾಗದ ಮಾತಲ್ಲ. ನಮ್ಮ ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿಗಾಗಿ ೨೦೨೧ರಲ್ಲಿ ೧,೨೪೨ ಸಹಾಯಕ ಪ್ರಾಧ್ಯಾಪಕರ ಹುದ್ದೆಗಳನ್ನು ಪ್ರಕಟಿಸಲಾಯಿತು. ಪರೀಕ್ಷೆ ನಡೆದುದು ೨೦೨೨ರ ಮಾರ್ಚ್ ತಿಂಗಳಲ್ಲಿ. ಆಯ್ಕೆಯಾದವರ ಕೈಗೆ ನೇಮಕದ ಆದೇಶ ಸೇರುವ ವೇಳೆಗೆ ಇನ್ನೂ ವರ್ಷಕ್ಕೂ ಮಿಕ್ಕ ಕಾಲ ಕಳೆದಿತ್ತು. ಆ ನಡುವೆ ಕಾಲೇಜುಗಳ ಪಾಠ ನಿಲ್ಲಲಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರು ಅದನ್ನು ನಡೆಸಿದರು. ಅತಿಥಿಯೆಂಬ ಹೆಸರು ಬಹಳ ಗೌರವದ್ದು. ಆದರೆ ೨೦೨೨ರ ಜನವರಿಯವರೆಗೆ ಆ ಅತಿಥಿಗೆ ತಿಂಗಳಿಗೆ ಸಂದುದು ೧೧,೦೦೦ ಅಥವಾ ೧೩,೦೦೦ ರೂಪಾಯಿ. ದೀರ್ಘ ಮುಷ್ಕರವಾದ ಮೇಲೆ, ವಾರದ ಪಾಠದ ಗಂಟೆಗಳನ್ನು ಏರಿಸಿ, ಅದನ್ನು ೨೬,೦೦೦ದಿಂದ ೩೨,೦೦೦ ರೂಪಾಯಿಗಳವರೆಗೆ ಹೆಚ್ಚಿಸಲಾಯಿತು. ಹೀಗೆ ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕುತ್ತ ಹತ್ತು ಹದಿನೈದು ವರ್ಷ ಅತಿಥಿಗಳಾಗಿಯೇ ಉಳಿದವರನ್ನು ನಾನು ಬಲ್ಲೆ. ಅವರಲ್ಲಿ ಕೆಲವರು ನನಗಿಂತ ಚೆನ್ನಾಗಿ ಪಾಠ ಹೇಳುವವರು.

ಇನ್ನೊಂದು ಲೆಕ್ಕ, ಮುಚ್ಚಿಡತಕ್ಕುದಲ್ಲ

ಎರಡನೆಯ ಲೆಕ್ಕವನ್ನು ನಮ್ಮಲ್ಲಿ ಯಾರೂ ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೨೦೨೨ರ ನಿಯಮಗಳಂತೆ ಒಬ್ಬ ಸಹಾಯಕ ಪ್ರಾಧ್ಯಾಪಕರು ಏಕಕಾಲದಲ್ಲಿ ೪, ಸಹ ಪ್ರಾಧ್ಯಾಪಕರು ೬, ಪ್ರಾಧ್ಯಾಪಕರು ೮ ಸಂಶೋಧನ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಸರಾಸರಿ ಐವರೆಂದೂ, ಒಬ್ಬೊಬ್ಬರಿಗೆ ಐದು ವರ್ಷವೆಂದೂ ಹಿಡಿದರೆ, ವರ್ಷಕ್ಕೆ ಒಬ್ಬರು ಡಾಕ್ಟರೇಟು ಪಡೆಯುವರು. ಮೂವತ್ತು ವರ್ಷಗಳಲ್ಲಿ ಮೂವತ್ತು ಮಂದಿ. ವಾಸ್ತವದಲ್ಲಿ ಇದರ ಮೂರನೆಯ ಒಂದು ಪಾಲು ಎಂದರೂ ಹತ್ತು ಮಂದಿಯಾಯಿತು. ಆ ಗುರುವು ನಿವೃತ್ತನಾದಾಗ ತೆರವಾಗುವ ಸ್ಥಾನವಾದರೋ ಒಂದೇ. ಆದುದರಿಂದ ಎಲ್ಲ ಹುದ್ದೆಗಳನ್ನೂ ಒಂದು ದಿನವೂ ತಡಮಾಡದೆ ತುಂಬಿದರೂ ಸಹ, ಹತ್ತರಲ್ಲಿ ಒಂಬತ್ತು ಮಂದಿ ಬೇರೆ ದಾರಿಯನ್ನು ಹಿಡಿಯಲೇಬೇಕು. ವಿಶ್ವವಿದ್ಯಾನಿಲಯಗಳು ಬೆಳೆಯುತ್ತಿರುವ ಕಾಲದಲ್ಲಿ ಈ ಪ್ರಮಾಣ ಸ್ವಲ್ಪ ಸಡಿಲವಾದೀತು. ಆದರೆ ಬೆಳವಣಿಗೆಯೆಂಬುದು ಎಂದೆಂದಿಗೂ ನಡೆಯುವಂಥದಲ್ಲ.

ಇದು ದುಃಖದ ಸಮಾಚಾರವೇನೂ ಅಲ್ಲ. ಸಂಶೋಧನೆಯಲ್ಲಿ ಪಳಗಿದ ಬುದ್ಧಿಗೆ ಕಾರ್ಖಾನೆಯಲ್ಲಿ, ಆಸ್ಪತ್ರೆಯ ವಿಕಿರಣ ವಿಭಾಗದಲ್ಲಿ, ಹವಾಮಾನ ಇಲಾಖೆಯಲ್ಲಿ, ಗಣಕಯಂತ್ರದ ಉದ್ಯಮದಲ್ಲಿ, ಪ್ರೌಢಶಾಲೆಯಲ್ಲಿ ಕೂಡ ಕೆಲಸವುಂಟು. ಒಬ್ಬ ಪಿಎಚ್.ಡಿ. ಪದವೀಧರೆ ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದರೆ ದೇಶಕ್ಕೆ ನಷ್ಟವೆಂದು ನಾನು ಎಣಿಸಲಾರೆ. ಆದರೆ ಈ ಲೆಕ್ಕವನ್ನು ಮುಚ್ಚಿಟ್ಟು, ‘ಪಿಎಚ್.ಡಿ. ಮಾಡಿದರೆ ಅಧ್ಯಾಪಕನಾಗುವೆ’ ಎಂಬ ಆಸೆಯನ್ನು ಎಲ್ಲರಲ್ಲೂ ಬಿತ್ತುವುದು ವಂಚನೆಗೆ ಸಮೀಪವಾದುದು. ದೇಶದಲ್ಲಿ ಪಿಎಚ್.ಡಿ.ಗೆ ದಾಖಲಾದವರ ಸಂಖ್ಯೆ ೨೦೧೪-೧೫ರಲ್ಲಿ ಸುಮಾರು ೧.೧೭ ಲಕ್ಷ, ೨೦೨೧-೨೨ರಲ್ಲಿ ಸುಮಾರು ೨.೧೨ ಲಕ್ಷ. ಏಳು ವರ್ಷದಲ್ಲಿ ನೂರಕ್ಕೆ ಎಂಬತ್ತರಷ್ಟು ಏರಿಕೆ. ಇದೇ ಅವಧಿಯ ಕೊನೆಯ ವರ್ಷಗಳಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸುಮಾರು ಹತ್ತೊಂಬತ್ತು ಸಾವಿರ ಮಂಜೂರಾದ ಅಧ್ಯಾಪಕ ಹುದ್ದೆಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಖಾಲಿ ಬಿದ್ದಿದ್ದುವು. ಒಂದೆಡೆ ಕುಳಿತುಕೊಳ್ಳುವವರಿಲ್ಲದ ಕುರ್ಚಿ, ಇನ್ನೊಂದೆಡೆ ನಿಂತೇ ಇರುವ ವಿದ್ವಾಂಸ! ಎರಡನ್ನೂ ಪಂಚಾಂಗವಿಲ್ಲದ ಆಡಳಿತವು ಬೇರೆಬೇರೆಯಾಗಿ ಇಟ್ಟಿದೆ.

ಕಲ್ಕತ್ತೆಯ ನಿದರ್ಶನ

ನಿಯಮವಾಗಿ ನಡೆದ ಅಲ್ಪಸಂಖ್ಯೆಯ ಹುದ್ದೆಗಳಿಂದ ಏನು ಫಲ ಬಂದೀತೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉಜ್ಜ್ವಲವಾದ ನಿದರ್ಶನವಿದೆ. ೧೯೧೨ರಲ್ಲಿ ತಾರಕನಾಥ ಪಾಲಿತರೂ ಮರುವರ್ಷ ರಾಸಬಿಹಾರಿ ಘೋಷರೂ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ದೊಡ್ಡ ಮೊತ್ತದ ದಾನಗಳನ್ನು ಕೊಟ್ಟರು. ಉಪಕುಲಪತಿ ಆಶುತೋಷ ಮುಖರ್ಜಿಯವರು ಆ ದಾನದ ಬಲದಿಂದ ವಿಜ್ಞಾನ ಕಾಲೇಜನ್ನು ಸ್ಥಾಪಿಸಿ, ಶಾಶ್ವತವಾದ ಪ್ರಾಧ್ಯಾಪಕ ಪೀಠಗಳನ್ನು ಏರ್ಪಡಿಸಿದರು. ತರುಣರಾಗಿದ್ದ ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಇವರು ಅಲ್ಲಿ ಉಪನ್ಯಾಸಕರಾದರು. ಸರಕಾರದ ಹಣಕಾಸು ಇಲಾಖೆಯಲ್ಲಿ ದೊಡ್ಡ ಸಂಬಳದ ಅಧಿಕಾರಿಯಾಗಿದ್ದ ಸಿ. ವಿ. ರಾಮನ್ನರು ಅದನ್ನು ಬಿಟ್ಟು, ಕಡಿಮೆ ಸಂಬಳದ ಪಾಲಿತ್ ಪ್ರಾಧ್ಯಾಪಕ ಪದವಿಯನ್ನು ೧೯೧೭ರಲ್ಲಿ ವಹಿಸಿಕೊಂಡರು. ಸಂಬಳ ಕಡಿಮೆಯಾದರೂ ಪೀಠ ಸ್ಥಿರವಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ರಾಮನ್ ಪರಿಣಾಮವು ಒಂದೇ ದಿನದಲ್ಲಿ ಕಂಡುದಲ್ಲ. ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ೧೯೨೩ರಲ್ಲಿ ಕೆ. ಆರ್. ರಾಮನಾಥನ್ನರು ನೀರಿನಲ್ಲಿ ಚದರಿದ ಬೆಳಕನ್ನು ಪರೀಕ್ಷಿಸುತ್ತಿದ್ದಾಗ, ಇರಬಾರದ ಬಣ್ಣದ ಅತಿ ಮಂದವಾದ ಹೊಳಪೊಂದು ಉಳಿದುಕೊಂಡಿತು. ದ್ರವದಲ್ಲಿ ಕಲ್ಮಷವಿರಬಹುದೆಂಬ ಶಂಕೆಯಿಂದ ಎಷ್ಟು ಶುದ್ಧಿ ಮಾಡಿದರೂ ಅದು ಹೋಗಲಿಲ್ಲ. ಮುಂದೆ ಕೆ. ಎಸ್. ಕೃಷ್ಣನ್ನರು ಅದೇ ಮಂದ ಹೊಳಪನ್ನು ಬೇರೆ ದ್ರವಗಳಲ್ಲಿಯೂ ಕಂಡರು. ೧೯೨೭-೨೮ರ ಚಳಿಗಾಲದಲ್ಲಿ, ಹಗಲು ಬೇರೆಡೆ ಉದ್ಯೋಗದಲ್ಲಿದ್ದು ಬಿಡುವಿನ ವೇಳೆಯಲ್ಲಿ ಪ್ರಯೋಗ ಮಾಡುತ್ತಿದ್ದ ವೆಂಕಟೇಶ್ವರನ್ನರಿಗೆ ಗ್ಲಿಸರಿನ್ನಿನಲ್ಲಿ ಅದು ಮತ್ತೆ ಗೋಚರಿಸಿತು. ರಾಮನ್ನರೂ ಕೃಷ್ಣನ್ನರೂ ಅದರ ಬೆನ್ನು ಹತ್ತಿ ೧೯೨೮ರ ಫೆಬ್ರುವರಿ ೨೮ರಂದು ಗುಟ್ಟನ್ನು ಹಿಡಿದರು. ಮಾರ್ಚ್ ೧೬ರಂದು ರಾಮನ್ನರು ಅದನ್ನು ವಿವರಿಸಿ ಉಪನ್ಯಾಸ ಮಾಡಿದುದು ನಮ್ಮ ಬೆಂಗಳೂರಿನಲ್ಲಿ.

ಐದು ವರ್ಷ, ಮೂವರು ಶಿಷ್ಯರು, ಒಬ್ಬ ಗುರು. ೧೯೨೩ರಲ್ಲಿ ಕಂಡ ಒಂದು ಸಣ್ಣ ಅನುಮಾನವು ೧೯೨೮ರವರೆಗೆ ಆ ಪ್ರಯೋಗಶಾಲೆಯ ನೆನಪಿನಿಂದ ಅಳಿಯಲಿಲ್ಲ. ಒಬ್ಬರು ಹೋಗುವುದಕ್ಕೆ ಮೊದಲೇ ಇನ್ನೊಬ್ಬರು ಬಂದಿದ್ದರು. ನಡುವೆ ಮೂರು ವರ್ಷ ಆ ಸ್ಥಾನಗಳು ಬರಿದಾಗಿದ್ದರೆ, ಆ ಮಂದ ಹೊಳಪು ಯಾವುದೋ ಹಳೆಯ ದಿನಚರಿಯ ಪುಟದಲ್ಲಿ ಕಲ್ಮಷವೆಂದೇ ಉಳಿಯುತ್ತಿತ್ತು.

ಕೈಯಿಂದ ಕೈಗೆ ಹೋಗುವ ವಿದ್ಯೆ

ವಿಜ್ಞಾನವೆಲ್ಲ ಪುಸ್ತಕದಲ್ಲಿದೆಯೆಂದು ಹೊರಗಿನವರು ತಿಳಿಯುವುದುಂಟು. ಪ್ರಯೋಗ ಮಾಡುವವರಿಗೆ ಗೊತ್ತು, ಅರ್ಧ ವಿದ್ಯೆ ಕೈಯಲ್ಲಿರುವುದೆಂದು. ನಾನು ಕಂಡ ಒಂದು ವಿಭಾಗದಲ್ಲಿ ಲೋಹದ ತೆಳುಪೊರೆಗಳನ್ನು ಲೇಪಿಸುವ ನಿರ್ವಾತ ಯಂತ್ರವಿತ್ತು. ಅದರ ಯಾವ ಕೀಲಿನಲ್ಲಿ ಗಾಳಿ ನುಸುಳುವುದು, ಪಂಪಿನ ಎಣ್ಣೆ ಯಾವ ಬಣ್ಣಕ್ಕೆ ತಿರುಗಿದಾಗ ಬದಲಾಯಿಸಬೇಕು, ಮಳೆಗಾಲದಲ್ಲಿ ಎಷ್ಟು ಹೊತ್ತು ಮೊದಲೇ ಪಂಪನ್ನು ಓಡಿಸಬೇಕು ಎಂಬುದೆಲ್ಲ ಒಬ್ಬ ಹಿರಿಯ ಪ್ರಾಧ್ಯಾಪಕರಿಗೆ ಗೊತ್ತಿತ್ತು. ಅವರು ನಿವೃತ್ತರಾದರು. ಅವರ ಸ್ಥಾನಕ್ಕೆ ನಾಲ್ಕು ವರ್ಷ ಯಾರೂ ಬರಲಿಲ್ಲ. ಹೊಸಬರು ಬಂದಾಗ ಯಂತ್ರದ ಮೇಲೆ ಹಾಸಿದ ಬಟ್ಟೆಯನ್ನು ತೆಗೆದು ನೋಡಿದರು. ರಬ್ಬರಿನ ಬಳೆಗಳು ಒಡೆದಿದ್ದುವು, ಎಣ್ಣೆ ಅಂಟಾಗಿತ್ತು. ಕೈಪಿಡಿಯೇನೋ ಕಪಾಟಿನಲ್ಲಿ ಭದ್ರವಾಗಿತ್ತು. ಹೊಸ ಯಂತ್ರಕ್ಕಾಗಿ ಅರ್ಜಿ ಹೋಯಿತು. ಆರು ತಿಂಗಳ ಕಾಲ ಹಳಬರೂ ಹೊಸಬರೂ ಒಟ್ಟಿಗಿದ್ದಿದ್ದರೆ ಲಕ್ಷಾಂತರ ರೂಪಾಯಿ ಉಳಿಯುತ್ತಿತ್ತು. ಅದಕ್ಕಿಂತ ಮಿಗಿಲಾಗಿ ನಾಲ್ಕು ವರ್ಷಗಳ ವಿದ್ಯಾರ್ಥಿಗಳು ಆ ಪ್ರಯೋಗವನ್ನು ಕಣ್ಣಾರೆ ಕಂಡಿರುತ್ತಿದ್ದರು. ಖಾಲಿ ಹುದ್ದೆಯಿಂದ ಸಂಬಳ ಉಳಿಯಿತೆಂದು ಲೆಕ್ಕ ಬರೆಯುವವರು ಈ ನಷ್ಟವನ್ನು ಯಾವ ಕಲಮಿನಲ್ಲಿಯೂ ಬರೆಯುವುದಿಲ್ಲ.

ವೇತನವು ದಾನವಲ್ಲ

ಇನ್ನು ಸಂಶೋಧನ ವೇತನದ ವಿಚಾರ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ತೇರ್ಗಡೆಯಾದವರಿಗೆ ದೊರೆಯುವ ಕಿರಿಯ ಸಂಶೋಧನ ವೇತನವು ೨೦೧೪ರಲ್ಲಿ ತಿಂಗಳಿಗೆ ೨೫,೦೦೦ ರೂಪಾಯಿಗಳಾಯಿತು. ೨೦೧೯ರಲ್ಲಿ ೩೧,೦೦೦, ೨೦೨೩ರ ಜನವರಿ ೧ರಿಂದ ೩೭,೦೦೦. ಎರಡು ವರ್ಷಗಳ ಮೇಲೆ ಹಿರಿಯ ವೇತನ ೪೨,೦೦೦. ಮೊತ್ತವು ತಕ್ಕಮಟ್ಟಿಗೆ ಉಚಿತವಾದುದೇ. ಪ್ರತಿಯೊಂದು ಏರಿಕೆಗೂ ಮೊದಲು ವಿದ್ಯಾರ್ಥಿಗಳು ಪ್ರಯೋಗಶಾಲೆಯಿಂದ ಬೀದಿಗಿಳಿಯಬೇಕಾಯಿತೆಂಬುದು ಮಾತ್ರ ಉಚಿತವಲ್ಲ. ಬೆಲೆಗಳು ಏರುವಂತೆ ತಾನಾಗಿಯೇ ಏರುವ ತುಟ್ಟಿಭತ್ಯೆ ನಮ್ಮಂಥ ಸಂಬಳಗಾರರಿಗುಂಟು. ಸಂಶೋಧನ ವಿದ್ಯಾರ್ಥಿಗೆ ಆ ನಿಯಮವನ್ನು ಅನ್ವಯಿಸುವುದಕ್ಕೆ ಅಡ್ಡಿಯೇನು?

ಈ ವೇತನ ಪಡೆಯದವರ ಪಾಡು ಬೇರೆ. ಈ ಪರೀಕ್ಷೆಯ ವೇತನವಿಲ್ಲದೆ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ಮಾಡುವವರಿಗೆ ೨೦೧೨ರಲ್ಲಿ ಗೊತ್ತುಪಡಿಸಿದ ಸಹಾಯ ತಿಂಗಳಿಗೆ ೮,೦೦೦ ರೂಪಾಯಿ. ೨೦೧೫ರಲ್ಲಿ ಅದನ್ನೂ ನಿಲ್ಲಿಸುವ ಪ್ರಸ್ತಾಪ ಬಂದಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಆಯೋಗದ ಕಚೇರಿಯ ಮುಂದೆ ಚಳಿಯಲ್ಲಿ ಕುಳಿತು ಪ್ರತಿಭಟಿಸಬೇಕಾಯಿತು. ರಾಜ್ಯದ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಿಗೆ ಈ ಅಲ್ಪ ಸಹಾಯವೂ ಅನ್ವಯಿಸಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಬೆಳಗ್ಗೆ ಒಂದು ಕಾಲೇಜಿನಲ್ಲಿ ಅತಿಥಿಯಾಗಿ ಪಾಠ ಹೇಳಿ, ಮಧ್ಯಾಹ್ನ ಬಸ್ಸಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಸಂಜೆಯ ಎರಡು ಗಂಟೆ ಸಂಶೋಧನೆ ಮಾಡುತ್ತಾರೆ.

ಇಲ್ಲಿ ನೆನಪಿಡಬೇಕಾದುದು, ಸಂಶೋಧನ ವೇತನವು ಬಡ ವಿದ್ಯಾರ್ಥಿಗೆ ಕೊಡುವ ಧರ್ಮವಲ್ಲ. ಅದು ಕೆಲಸಕ್ಕೆ ಕೊಡುವ ಕೂಲಿ. ವಿಭಾಗದಿಂದ ಹೊರಬೀಳುವ ಲೇಖನಗಳಲ್ಲಿ ಅಳತೆಗಳನ್ನು ಮಾಡಿದವರು ಯಾರು? ಎಂ.ಎಸ್‌ಸಿ. ಪ್ರಯೋಗ ತರಗತಿಯಲ್ಲಿ ತಂತಿ ಜೋಡಿಸಿಕೊಡುವವರು ಯಾರು? ಕೂಲಿಯೆಂದಮೇಲೆ ಅದು ತಿಂಗಳ ಮೊದಲ ದಿನ ಕೈಸೇರಬೇಕು. ಆರು ತಿಂಗಳ ವೇತನವು ಒಟ್ಟಿಗೆ ಬಂದರೂ ನಷ್ಟವೇನು ಎಂದು ಕೇಳುವವರುಂಟು. ಊಟದ ಮನೆಯ ಮಾಲಿಕನೂ ಬಾಡಿಗೆಯ ಯಜಮಾನನೂ ಆರು ತಿಂಗಳಿಗೊಮ್ಮೆ ಹಣ ಕೇಳುವುದಿಲ್ಲವೆಂಬುದನ್ನು ಅಂಥವರು ಮರೆತಿರುವರು. ತಂದೆಗೆ ನೌಕರಿಯಿರುವ ಹುಡುಗನು ಆ ಆರು ತಿಂಗಳನ್ನು ಹೇಗೋ ದಾಟುವನು. ಎರಡೆಕರೆ ಮಳೆಯಾಶ್ರಯದ ಹೊಲವುಳ್ಳವರ ಮಗಳು ದಾಟಲಾರಳು. ಹೀಗೆ ಮೊತ್ತವನ್ನು ಕಡಿಮೆ ಮಾಡದೆಯೇ, ಬರಿಯ ವಿಳಂಬದಿಂದ, ಬಡವರನ್ನು ವಿಜ್ಞಾನದಿಂದ ಹೊರಗೆ ಕಳುಹಿಸಬಹುದು.

ನಾನು ಪಾಠ ಹೇಳುವ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು. ಅವರಲ್ಲಿ ಕೆಲವರು ಸಂಶೋಧನೆಗೆ ಹೋಗಬೇಕೆಂದು ಬಯಸುವರು. ಬಂದು ಕೇಳುವ ಪ್ರಶ್ನೆಗಳೂ ಬಹಳ ಸರಳವಾದುವು. “ಸಾರ್, ವೇತನ ಎಷ್ಟು ವರ್ಷ ಬರುತ್ತೆ? ಮುಗಿದ ಮೇಲೆ ಹುದ್ದೆ ಯಾವಾಗ ಕರೀತಾರೆ? ಮನೆಯಲ್ಲಿ ಹೇಳೋದಕ್ಕೆ ಒಂದು ವರ್ಷ ಹೇಳಿ ಸಾರ್.” ಗಂಡುಮಗನಿಗೆ ಇನ್ನೆರಡು ವರ್ಷ ಕಾಯಲು ಅವಕಾಶ ಕೊಡುವ ಮನೆಯವರು ಹೆಣ್ಣುಮಗಳಿಗೆ ಕೊಡುವುದಿಲ್ಲ, ಗೊತ್ತಾದ ಒಂದು ದಿನಾಂಕವಿದ್ದರೆ ಅವಳು ಅದನ್ನು ಹಿಡಿದು ವಾದಿಸಿಯಾಳು. ಆ ಒಂದು ವರ್ಷವನ್ನು ಹೇಳಲು ನನ್ನಿಂದಲೂ ಆಗುವುದಿಲ್ಲ, ವಿಶ್ವವಿದ್ಯಾನಿಲಯದ ಕುಲಸಚಿವರಿಂದಲೂ ಆಗುವುದಿಲ್ಲ. ಅನಿಯಮದ ಭಾರವು ಎಲ್ಲರ ಮೇಲೆಯೂ ಸಮನಾಗಿ ಬೀಳುವುದೆಂದು ಭಾವಿಸುವುದು ತಪ್ಪು.

ನಿಂತ ನೆಲವೇ ಜಾರಿದರೆ

ಹುದ್ದೆಗಳಂತೆಯೇ ನಿಯಮಗಳೂ ಸ್ಥಿರವಾಗಿಲ್ಲ. ೨೦೨೧ರ ಜುಲೈ ೧ರಿಂದ ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವೆಂದು ೨೦೧೮ರಲ್ಲಿ ಆಯೋಗವು ನಿಯಮಿಸಿತು. ೨೦೨೧ ಬಂದಾಗ ಅದನ್ನು ೨೦೨೩ಕ್ಕೆ ಮುಂದೂಡಲಾಯಿತು. ೨೦೨೩ ಬಂದಾಗ ಪಿಎಚ್.ಡಿ. ಕಡ್ಡಾಯವಲ್ಲ, ಅರ್ಹತಾ ಪರೀಕ್ಷೆಯೇ ಕನಿಷ್ಠ ಅರ್ಹತೆಯೆಂದು ತಿದ್ದಲಾಯಿತು. ಈ ಮೂರರಲ್ಲಿ ಯಾವುದು ಸರಿಯೆಂದು ಚರ್ಚಿಸಬಹುದು. ಬೋಸರಿಗೆ ಡಾಕ್ಟರೇಟು ಇರಲಿಲ್ಲ. ಢಾಕಾ ವಿಶ್ವವಿದ್ಯಾನಿಲಯದಲ್ಲಿ ಅವರು ಪ್ರಾಧ್ಯಾಪಕರಾಗಲು ಐನ್‌ಸ್ಟೈನರ ಶಿಫಾರಸು ಬೇಕಾಯಿತೆಂಬುದು ಪ್ರಸಿದ್ಧ. ಆದುದರಿಂದ ಪದವಿಯೊಂದೇ ಅಳತೆಗೋಲಲ್ಲವೆಂಬ ವಾದವನ್ನು ನಾನು ಒಪ್ಪುವೆನು. ಆದರೆ ೨೦೧೮ರ ನಿಯಮವನ್ನು ನಂಬಿ ಐದು ವರ್ಷಗಳನ್ನು ಪಿಎಚ್.ಡಿ.ಗೆ ಮೀಸಲಿಟ್ಟವರಿಗೆ ೨೦೨೩ರಲ್ಲಿ ಏನು ಸಮಾಧಾನ ಹೇಳಬೇಕು? ಪ್ರಯೋಗದ ನಡುವೆ ಅಳತೆಗೋಲನ್ನು ಬದಲಾಯಿಸಬಾರದೆಂಬುದು ನಮ್ಮ ಮೊದಲನೆಯ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಪಾಠ.

ಅರ್ಹತಾ ಪರೀಕ್ಷೆಯ ಕಥೆಯೂ ಅದೇ. ೨೦೨೪ರ ಜೂನ್ ೧೮ರಂದು ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆಯನ್ನು ಮರುದಿನವೇ ರದ್ದುಪಡಿಸಲಾಯಿತು. ಅದೇ ತಿಂಗಳು ನಡೆಯಬೇಕಾಗಿದ್ದ ವಿಜ್ಞಾನ ವಿಷಯಗಳ ಪರೀಕ್ಷೆಯು ಜುಲೈಗೆ ಹೋಯಿತು. ಸಂಸ್ಥೆಗಳ ಹುಟ್ಟಿನಲ್ಲಿಯೂ ಇದೇ ಆತುರ. ನಮ್ಮ ರಾಜ್ಯದಲ್ಲಿ ೨೦೨೩ರ ಮಾರ್ಚ್ ತಿಂಗಳಲ್ಲಿ ಏಳು ಹೊಸ ವಿಶ್ವವಿದ್ಯಾನಿಲಯಗಳಿಗೆ ಚಾಲನೆ ಕೊಡಲಾಯಿತು. ಎರಡು ವರ್ಷ ತುಂಬುವುದರೊಳಗೆ, ೨೦೨೫ರ ಫೆಬ್ರುವರಿಯಲ್ಲಿ, ಇವುಗಳಲ್ಲಿ ಬಹುಪಾಲು ಸೇರಿದಂತೆ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ವಿಚಾರವು ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂದಿತು. ನಾಮಫಲಕವನ್ನು ನಿಲ್ಲಿಸಲು ಒಂದು ದಿನ ಸಾಕು. ಸಂಶೋಧನ ವಿಭಾಗವನ್ನು ನಿಲ್ಲಿಸಲು ಒಂದು ತಲೆಮಾರು ಬೇಕು.

ಆಕ್ಷೇಪಗಳು

ವರ್ಷವರ್ಷವೂ ನೇಮಕ ಮಾಡಲು ಹಣವೆಲ್ಲಿ ಎಂಬುದು ಮೊದಲನೆಯ ಆಕ್ಷೇಪ. ಏಳನೆಯ ವೇತನ ಆಯೋಗದ ತರುವಾಯ ಬಂದ ಶ್ರೇಣಿಗಳಲ್ಲಿ ಪ್ರಾಧ್ಯಾಪಕರ ಮೂಲವೇತನದ ಆರಂಭ ೧,೪೪,೨೦೦ ರೂಪಾಯಿ. ಸಹಾಯಕ ಪ್ರಾಧ್ಯಾಪಕರದು ೫೭,೭೦೦. ಒಬ್ಬ ಹಿರಿಯರು ನಿವೃತ್ತರಾದಾಗ ಬಿಡುಗಡೆಯಾಗುವ ಸಂಬಳದ ಮೊತ್ತ ಹೊಸಬರೊಬ್ಬರ ಸಂಬಳದ ಎರಡೂವರೆ ಪಾಲು. ನಿವೃತ್ತಿವೇತನದ ಹೊರೆಯುಂಟೆಂಬುದು ನಿಜ. ಆದರೆ ಸ್ಥಾನವನ್ನು ತುಂಬಲಿ ಬಿಡಲಿ, ಆ ಹೊರೆ ಇದ್ದೇ ಇರುವುದು. ಹತ್ತು ವರ್ಷ ತಡೆದು ಸಾವಿರ ಹುದ್ದೆಗಳನ್ನು ಒಮ್ಮೆಗೇ ತುಂಬುವುದು ಬೊಕ್ಕಸಕ್ಕೆ ಹೆಚ್ಚು ಕಷ್ಟವೇ ಹೊರತು ಕಡಿಮೆಯಲ್ಲ.

ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದುದು. ಒಂದೊಂದೇ ಹುದ್ದೆಯನ್ನು ಪ್ರಕಟಿಸಿದರೆ ಮೀಸಲಾತಿಗೆ ಧಕ್ಕೆ ಬಾರದೆ? ಈ ಭಯಕ್ಕೆ ಆಧಾರವಿದೆ. ೨೦೧೭ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನ ಮೇಲೆ, ೨೦೧೮ರ ಮಾರ್ಚ್ ತಿಂಗಳಲ್ಲಿ ಆಯೋಗವು ವಿಶ್ವವಿದ್ಯಾನಿಲಯದ ಬದಲಿಗೆ ಒಂದೊಂದು ವಿಭಾಗವನ್ನೇ ಘಟಕವಾಗಿ ಹಿಡಿಯಬೇಕೆಂದು ಆಜ್ಞೆ ಮಾಡಿತು. ಆ ಸರದಿಯಲ್ಲಿ ಇತರ ಹಿಂದುಳಿದ ವರ್ಗಗಳಿಗೆ ೪ನೆಯ, ಪರಿಶಿಷ್ಟ ಜಾತಿಗೆ ೭ನೆಯ, ಪರಿಶಿಷ್ಟ ಪಂಗಡಕ್ಕೆ ೧೪ನೆಯ ಸ್ಥಾನ. ಆರು ಹುದ್ದೆಗಳ ವಿಭಾಗದಲ್ಲಿ ಏಳನೆಯ ಸ್ಥಾನ ಬರುವುದೆಂದು? ಈ ಅನ್ಯಾಯವನ್ನು ೨೦೧೯ರ ಕಾನೂನು ಸರಿಪಡಿಸಿ, ಇಡೀ ಸಂಸ್ಥೆಯನ್ನು ಒಂದೇ ಘಟಕವೆಂದು ಪರಿಗಣಿಸಿತು. ಸರದಿಯನ್ನು ಸಂಸ್ಥೆಯ ಮಟ್ಟದಲ್ಲಿ, ವರ್ಷದಿಂದ ವರ್ಷಕ್ಕೆ ಮುಂದುವರಿಸುತ್ತ ಹೋದರೆ, ವರ್ಷಕ್ಕೆ ಹತ್ತು ಹುದ್ದೆಗಳಾದರೂ ಯಾರ ಪಾಲೂ ತಪ್ಪುವುದಿಲ್ಲ. ಪಂಚಾಂಗವು ಪ್ರಕಟವಾಗಿದ್ದರೆ, ತನ್ನ ಸರದಿ ಎಂದು ಬರುವುದೆಂಬುದು ಪ್ರತಿಯೊಬ್ಬ ಅಭ್ಯರ್ಥಿಗೂ ಮೊದಲೇ ತಿಳಿಯುವುದು. ಸರದಿಯನ್ನು ಗುಟ್ಟಾಗಿ ಹಿಂದುಮುಂದು ಮಾಡಲು ಆಸ್ಪದವಿರದು.

ಮಾಡಬಹುದಾದುದು

ನನ್ನ ಸಲಹೆಗಳು ನಾಲ್ಕು. ಮೊದಲನೆಯದು: ಪ್ರತಿಯೊಂದು ವಿಶ್ವವಿದ್ಯಾನಿಲಯವೂ ವರ್ಷದ ಒಂದು ಗೊತ್ತಾದ ದಿನ, ಮುಂದಿನ ಐದು ವರ್ಷಗಳಲ್ಲಿ ಯಾವ ವಿಭಾಗದಲ್ಲಿ ಯಾವ ತಿಂಗಳು ಎಷ್ಟು ಸ್ಥಾನಗಳು ತೆರವಾಗುವುವೆಂಬ ಪಟ್ಟಿಯನ್ನು ಪ್ರಕಟಿಸಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ಕಡತದಲ್ಲಿರುವ ಜನ್ಮದಿನಾಂಕಗಳನ್ನು ಕೂಡಿಸಿ ಬರೆದರೆ ಮುಗಿಯಿತು. ಎರಡನೆಯದು: ತೆರವಾಗುವ ದಿನಕ್ಕೆ ಒಂದು ವರ್ಷ ಮೊದಲೇ ಆಯ್ಕೆಯ ಕಾರ್ಯ ಆರಂಭವಾಗಿ, ಕಡೆಯ ಆರು ತಿಂಗಳು ಹಳಬರೂ ಹೊಸಬರೂ ಒಟ್ಟಿಗೆ ಕೆಲಸ ಮಾಡುವಂತಿರಬೇಕು, ಒಂದು ಹುದ್ದೆಯಲ್ಲಿ ಇಬ್ಬರಿರಲು ನಿಯಮ ಒಪ್ಪದಿದ್ದರೆ ಆ ಆರು ತಿಂಗಳಿಗೆ ತಾತ್ಕಾಲಿಕ ಹುದ್ದೆಯೊಂದನ್ನು ಸೃಷ್ಟಿಸಬೇಕು.

ಮೂರನೆಯದು ಸಂಶೋಧನ ವೇತನಕ್ಕೆ ಸಂಬಂಧಿಸಿದುದು. ಪಿಎಚ್.ಡಿ. ಮುಗಿಸಲು ೨೦೨೨ರ ನಿಯಮಗಳು ಆರು ವರ್ಷಗಳ ಅವಧಿಯನ್ನು ಕೊಟ್ಟಿವೆ. ಅರ್ಹತಾ ಪರೀಕ್ಷೆಯ ವೇತನ ಐದು ವರ್ಷಕ್ಕೆ ನಿಲ್ಲುವುದು. ಪ್ರಬಂಧ ಬರೆಯುವ ಆ ಕಡೆಯ ವರ್ಷವೇ ವಿದ್ಯಾರ್ಥಿಗೆ ಅತ್ಯಂತ ಕಠಿನವಾದುದು. ಆಗಲೇ ಕೈ ಬರಿದು. ಆದುದರಿಂದ ಪ್ರವೇಶದ ದಿನದಿಂದ ಮೌಖಿಕ ಪರೀಕ್ಷೆಯ ದಿನದವರೆಗೆ ವೇತನವನ್ನು ಕೊಡಲಾಗದಷ್ಟು ಮಂದಿಯನ್ನು ವಿಭಾಗವು ಸೇರಿಸಿಕೊಳ್ಳಲೇಬಾರದು. ವೇತನವಿಲ್ಲದ ಇಪ್ಪತ್ತು ಮಂದಿಗಿಂತ ವೇತನವುಳ್ಳ ಎಂಟು ಮಂದಿ ಮೇಲು. ಇದರಿಂದ ಸಂಖ್ಯೆ ಇಳಿಯುವುದೆಂದು ಅಳುಕಬೇಕಾಗಿಲ್ಲ. ಅರ್ಧದಲ್ಲಿ ಬಿಟ್ಟುಹೋಗುವವರನ್ನು ಎಣಿಸದೆ ಬರೆದ ಸಂಖ್ಯೆ ನಮಗೆ ಯಾವ ಕೀರ್ತಿಯನ್ನೂ ತಾರದು. ನಾಲ್ಕನೆಯದು: ಕಳೆದ ಹತ್ತು ವರ್ಷಗಳಲ್ಲಿ ತಮ್ಮಲ್ಲಿ ಡಾಕ್ಟರೇಟು ಪಡೆದವರು ಈಗ ಎಲ್ಲೆಲ್ಲಿ ಏನು ಕೆಲಸದಲ್ಲಿದ್ದಾರೆಂಬುದನ್ನು ಪ್ರತಿಯೊಂದು ವಿಭಾಗವೂ ಹೆಸರುಗಳಿಲ್ಲದೆ, ಅಂಕಿಗಳಲ್ಲಿ, ಪ್ರವೇಶದ ಪ್ರಕಟಣೆಯ ಜೊತೆಯಲ್ಲಿಯೇ ಅಚ್ಚುಹಾಕಬೇಕು. ಔಷಧದ ಸೀಸೆಯ ಮೇಲೆ ಅದರಲ್ಲಿ ಏನೇನಿದೆಯೆಂದು ಬರೆಯಬೇಕಾದ ಕಾನೂನಿದೆ. ಆರು ವರ್ಷ ಯೌವನವನ್ನು ಕೇಳುವ ಪದವಿಗೆ ಅಷ್ಟಾದರೂ ಪ್ರಾಮಾಣಿಕತೆ ಬೇಡವೆ?

ಈ ನಾಲ್ಕರಲ್ಲಿ ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಸರಕಾರದ ಅಪ್ಪಣೆ ಬೇಕಾಗಿಲ್ಲ, ಹೊಸ ಹಣವೂ ಬೇಕಾಗಿಲ್ಲ. ಯಾವುದಾದರೂ ಒಂದು ವಿಶ್ವವಿದ್ಯಾನಿಲಯದ ಕುಲಪತಿಗಳೂ ಕುಲಸಚಿವರೂ ಮನಸ್ಸು ಮಾಡಿದರೆ ಬರುವ ಯುಗಾದಿಗೆ ಆ ಪಟ್ಟಿಗಳು ಹೊರಬರಬಹುದು. ಒಂದು ಸಂಸ್ಥೆ ಪ್ರಕಟಿಸಿತೆಂದರೆ ಉಳಿದುವು ಪ್ರಕಟಿಸದಿರುವುದಕ್ಕೆ ಕಾರಣ ಹೇಳಬೇಕಾಗುವುದು. ಓದುಗರಲ್ಲಿ ಸಿಂಡಿಕೇಟು ಸದಸ್ಯರಿರಬಹುದು, ಸಂಶೋಧನ ವಿದ್ಯಾರ್ಥಿಗಳ ತಂದೆತಾಯಿಗಳಿರಬಹುದು, ಹಳೆಯ ವಿದ್ಯಾರ್ಥಿಗಳಂತೂ ಇದ್ದೇ ಇರುವರು. ತಮ್ಮ ತಮ್ಮ ವಿಶ್ವವಿದ್ಯಾನಿಲಯಕ್ಕೆ ಒಂದು ಕಾಗದ ಬರೆದು, ‘ನಿಮ್ಮ ಮುಂದಿನ ಐದು ವರ್ಷಗಳ ಪಟ್ಟಿಯೆಲ್ಲಿ?’ ಎಂದು ಅವರು ಕೇಳುವಂತಾಗಬೇಕು. ಉತ್ತರ ಕೊಡುವುದು ಕಷ್ಟವಲ್ಲ. ಕೇಳುವವರಿಲ್ಲದುದರಿಂದ ಅದು ಇದುವರೆಗೆ ಕಡತದಲ್ಲಿಯೇ ಉಳಿದಿದೆ.